ಪೊರೆ ಬಲಿಯಲೆಂದು ಕಾಯಬೇಡಿ



ಬೆಳೆ, ಗೊಬ್ಬರ, ಕೀಟಗಳ ವಿಷಯ ಹೇಳಬೇಕಾದ ನಾನು ಈ ದಿನ ಕಣ್ಣಿನ ವಿಷಯ ಹೇಳಲು ಹೊರಟಿದ್ದೇನೆ. ಇದೇನು, ಕೃಷಿ ಇಲಾಖೆಯವರು ಡಾಕ್ಟರ ಕೆಲಸಕ್ಕೆ ಯಾವಾಗ ಕೈಹಾಕಿದರು ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನಾನು ವೈದ್ಯನಲ್ಲ. ಕಣ್ಣಿನ ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ, ಅಷ್ಟೆ. ಕೇಳುವಂತೆ ಮಾಡಿದ್ದು ಒಂದು ಟೊಮೇಟೊ ತೋಟ.

ನಮ್ಮ ಹೋಬಳಿಯಲ್ಲಿ ಎಪ್ಪತ್ತರ ಹತ್ತಿರದ ಯಜಮಾನರೊಬ್ಬರಿದ್ದಾರೆ. ಎರಡು ಎಕರೆ ಕಬ್ಬು, ಅರ್ಧ ಎಕರೆ ಟೊಮೇಟೊ. ಒಂದು ದಿನ ಮಗನ ಕೈಲಿ ಹೇಳಿಕಳುಹಿಸಿದರು: ಟೊಮೇಟೊಗೆ ಯಾವುದೋ ಕೆಟ್ಟ ರೋಗ ಬಡಿದಿದೆ, ಎಲೆಯೆಲ್ಲ ಮುರುಟಿದೆ, ಕೂಡಲೇ ಬರಬೇಕು ಅಂತ. ಹೋಗಿ ನೋಡಿದೆ. ಎಲೆಮುರುಟು ರೋಗವಾದರೆ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗುತ್ತದೆ, ಇದು ನಿಮಗೂ ಗೊತ್ತು. ಇಲ್ಲಿ ಸಾಲಿಗೆ ಸಾಲೇ ಒಂದೇ ಸಲಕ್ಕೆ ಕೆಟ್ಟಿತ್ತು. ಕಾಂಡ ಹಗ್ಗ ಹೊಸೆದಂತೆ ತಿರುಚಿಕೊಂಡಿತ್ತು.

“ಯಜಮಾನರೆ, ಮೊನ್ನೆ ಏನು ಹೊಡೆದಿರಿ?” ಎಂದೆ.

“ಕಾಯಿಕೊರಕಕ್ಕೆ ನೀವೇ ಬರಕೊಟ್ಟಿದ್ರಲ್ಲ ಸ್ವಾಮಿ, ಅದೇ ಹಸಿರು ಗುರುತಿನ ಸೀಸೆ.”

ಸೀಸೆ ತರಿಸಿ ನೋಡಿದರೆ ಅದು ಕಬ್ಬಿಗೆಂದು ತಂದಿಟ್ಟಿದ್ದ ಕಳೆನಾಶಕ! ಅದರ ಮೇಲಿದ್ದ ಗುರುತು ನೀಲಿ. ಔಷಧಿ ಸೀಸೆಗಳ ಮೇಲೆ ವಜ್ರಾಕಾರದ ಒಂದು ಗುರುತಿರುತ್ತದೆ, ಅದರ ಕೆಳಗಿನ ಅರ್ಧದ ಬಣ್ಣ ನೋಡಿ ವಿಷದ ತೀವ್ರತೆ ತಿಳಿಯಬೇಕು. ಕೆಂಪು ಎಲ್ಲಕ್ಕಿಂತ ಹೆಚ್ಚು, ಆಮೇಲೆ ಹಳದಿ, ನೀಲಿ, ಹಸಿರು. ಇದನ್ನು ನಾನೇ ಅವರಿಗೆ ಎಷ್ಟೋ ಸಲ ಹೇಳಿದ್ದೆ. ಓದು ಬಾರದ ಅವರು ಬಣ್ಣವನ್ನೇ ನಂಬಿದ್ದರು. ಎರಡು ಸೀಸೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದೆ. ಹತ್ತಿರ ಹಿಡಿದು, ದೂರ ಹಿಡಿದು, ಬಿಸಿಲಿಗೆ ತಿರುಗಿಸಿ ನೋಡಿ, “ಎರಡೂ ಒಂದೇ ಬಣ್ಣ ಅಲ್ವಾ ಸ್ವಾಮಿ?” ಅಂದರು.

ರೋಗ ಗಿಡದ್ದಲ್ಲ, ಯಜಮಾನರ ಕಣ್ಣಿನದು ಎಂದು ಆಗ ಗೊತ್ತಾಯಿತು. ಬೆಳೆ ಹೋದದ್ದು ಹೋಯಿತು. ಕೆಂಪು ಗುರುತಿನ ಸೀಸೆಯನ್ನು ಟಾನಿಕ್ಕೆಂದು ಬಾಯಿಗೆ ಹಾಕಿಕೊಂಡಿದ್ದರೆ ಏನು ಗತಿ ಎಂದು ಮನೆಗೆ ಬಂದ ಮೇಲೂ ಯೋಚಿಸಿದೆ.

ಕಣ್ಣು ತೋರಿಸಿದಿರಾ ಎಂದು ಕೇಳಿದ್ದಕ್ಕೆ ಬಂದ ಉತ್ತರ ನಿಮಗೂ ಪರಿಚಯದ್ದೇ. “ಪೊರೆ ಬಂದದೆ. ಇನ್ನೂ ಬಲಿತಿಲ್ಲ. ಬಲೀಲಿ, ಆಮೇಲೆ ತೆಗೆಸೋಣ ಅಂತ ಇವ್ನಿ.”

ಈ ‘ಬಲಿಯಲಿ’ ಎಂಬ ಮಾತನ್ನು ಕುರಿತೇ ಈ ದಿನ ಮಾತಾಡಬೇಕಾಗಿದೆ.

ಮೊದಲು, ಪೊರೆ ಎಂದರೇನು? ನಮ್ಮ ಭಾಷೆಯ ಈ ಮಾತೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿದೆ ಎಂದು ನನ್ನ ಅನುಮಾನ. ಪೊರೆ ಅಂದಕೂಡಲೆ ಹಾವಿನ ಪೊರೆ, ಹಾಲಿನ ಕೆನೆ ಜ್ಞಾಪಕಕ್ಕೆ ಬರುತ್ತದೆ. ಕಣ್ಣಿನ ಮೇಲೆ ಏನೋ ತೆಳುವಾಗಿ ಬೆಳೆದುಕೊಂಡಿದೆ, ಸೊಪ್ಪಿನ ರಸ ಬಿಟ್ಟರೆ ಕರಗೀತು, ಜೇನುತುಪ್ಪ ಹಚ್ಚಿದರೆ ಬಿಟ್ಟೀತು ಎಂದು ಜನ ತಿಳಿಯುವುದು ಇದರಿಂದಲೇ. ಕಣ್ಣಿನ ಪೊರೆ ಮೇಲೆ ಬೆಳೆಯುವುದಲ್ಲ. ಕಣ್ಣಿನ ನಡುವೆ ಕಪ್ಪಗೆ ಕಾಣುವ ಪಾಪೆಯ ಹಿಂದೆ, ಒಳಗಡೆ, ಒಂದು ಮಸೂರವಿದೆ. ಅವರೆಕಾಳಿನಂತೆ ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದದ್ದು, ಸುಮಾರು ಒಂದು ಸೆಂಟಿಮೀಟರ್ ಅಗಲ. ಹುಟ್ಟಿದಾಗ ಅದು ತಿಳಿನೀರಿನಷ್ಟು ನಿರ್ಮಲ. ಹೊರಗಿನ ಬೆಳಕನ್ನು ಹಿಡಿದು ಕಣ್ಣಿನ ಹಿಂಭಾಗದ ಅಕ್ಷಿಪಟದ ಮೇಲೆ ಕೂಡಿಸುವುದು ಅದರ ಕೆಲಸ. ಈ ಮಸೂರವೇ ಮಸುಕಾಗುವುದಕ್ಕೆ ಪೊರೆ ಅನ್ನುತ್ತೇವೆ.

ಏಕೆ ಮಸುಕಾಗುತ್ತದೆ? ಕೋಳಿಮೊಟ್ಟೆಯ ಬಿಳಿಭಾಗವನ್ನು ನೋಡಿ. ಹಸಿಯಾಗಿದ್ದಾಗ ಅದರ ಮೂಲಕ ಆಚೆ ಕಾಣುತ್ತದೆ. ಬೇಯಿಸಿದಿರೋ, ಬೆಳ್ಳಗೆ ಗಟ್ಟಿಯಾಗಿ ಬೆಳಕನ್ನು ತಡೆಯುತ್ತದೆ. ಮಸೂರದಲ್ಲಿರುವುದೂ ನೀರು ಮತ್ತು ಅಂಥದೇ ಪ್ರೋಟೀನು. ಬಿಸಿಯಿಂದಲ್ಲ, ವಯಸ್ಸಿನಿಂದ ಆ ಪ್ರೋಟೀನು ವರ್ಷ ವರ್ಷಕ್ಕೆ ಗಂಟುಗಂಟಾಗಿ ಹಳದಿಗೂ ಕಂದಿಗೂ ತಿರುಗುತ್ತದೆ. ಬೆಂದ ಮೊಟ್ಟೆಯನ್ನು ಯಾವ ರಸ ಬಿಟ್ಟು ಮತ್ತೆ ಹಸಿ ಮಾಡುತ್ತೀರಿ? ಹಾಗೆಯೇ ಬಂದ ಪೊರೆಯನ್ನು ಕರಗಿಸುವ ತೊಟ್ಟುಮದ್ದು ಅಲೋಪತಿಯಲ್ಲೂ ಇಲ್ಲ, ಬೇರೆಲ್ಲೂ ಇಲ್ಲ. ಸಂತೆಯಲ್ಲಿ ಯಾರಾದರೂ ಕರಗಿಸುತ್ತೇನೆಂದು ಸೀಸೆ ಮಾರಿದರೆ ದುಡ್ಡು ಜೇಬಿನಲ್ಲೇ ಇರಲಿ.

ಮುಖ್ಯ ಕಾರಣ ವಯಸ್ಸಾದರೂ, ಅದನ್ನು ಬೇಗ ತರುವವು ಕೆಲವಿವೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ದಿನವೆಲ್ಲ ಬರಿಗಣ್ಣಿಗೆ ಬೀಳುವ ಬಿಸಿಲು, ಕಣ್ಣಿಗೆ ಬಿದ್ದ ಪೆಟ್ಟು, ದಮ್ಮಿಗೋ ಕೀಲುನೋವಿಗೋ ಡಾಕ್ಟರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಮಾತ್ರೆ. ಸೌದೆ ಒಲೆಯ ಹೊಗೆಗೂ ಪೊರೆಗೂ ಸಂಬಂಧವಿದೆಯೆಂದು ಅಧ್ಯಯನಗಳು ತೋರಿಸಿವೆ. ಹೊಲದಲ್ಲಿ ಅಗಲ ಅಂಚಿನ ಟೋಪಿ ಹಾಕಿ ಎಂದರೆ ಹುಡುಗರು ನಗುತ್ತಾರೆ. ನಗಲಿ.

ಪೊರೆ ಬರುವಾಗ ನೋವಿಲ್ಲ, ಉರಿಯಿಲ್ಲ. ಅದಕ್ಕೇ ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಂಜಿನಲ್ಲಿ ನೋಡಿದ ಹಾಗೆ ಕಾಣುತ್ತದೆ. ರಾತ್ರಿ ಎದುರಿಗೆ ಬರುವ ಲಾರಿಯ ದೀಪ ಒಡೆದು ಚೆಲ್ಲಿದಂತಾಗಿ ಕಣ್ಣು ಕುಕ್ಕುತ್ತದೆ. ಬಣ್ಣಗಳು ಮಾಸುತ್ತವೆ. ಮಸೂರ ಹಳದಿಯಾದಂತೆ ನೀಲಿಗೂ ಹಸಿರಿಗೂ ವ್ಯತ್ಯಾಸ ಸಿಗುವುದು ಕಷ್ಟ, ನಮ್ಮ ಯಜಮಾನರಿಗೆ ಆದದ್ದು ಇದೇ. ಒಂದು ಕಣ್ಣು ಮುಚ್ಚಿದಾಗಲೂ ಚಂದ್ರ ಎರಡಾಗಿ ಕಾಣಬಹುದು. ಇನ್ನೊಂದು ವಿಚಿತ್ರವೂ ಉಂಟು: ಹತ್ತು ಹದಿನೈದು ವರ್ಷ ಚಾಳೀಸು ಹಾಕಿಕೊಂಡವರಿಗೆ ಒಂದು ದಿನ ಕನ್ನಡಕವಿಲ್ಲದೆ ಅಕ್ಕಿಯಲ್ಲಿನ ಕಲ್ಲು ಕಾಣತೊಡಗುತ್ತದೆ. “ನನಗೆ ಎಳೆಗಣ್ಣು ಬಂತು” ಎಂದು ಅಜ್ಜಿ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಬಂದದ್ದು ಎಳೆಗಣ್ಣಲ್ಲ, ಪೊರೆ. ಮಸೂರ ಗಟ್ಟಿಯಾಗಿ ಹತ್ತಿರದ ದೃಷ್ಟಿ ಸ್ವಲ್ಪ ಕಾಲ ತಿಳಿಯಾಗುತ್ತದೆ, ದೂರದ್ದು ಮಬ್ಬಾಗುತ್ತದೆ, ಆಮೇಲೆ ಎರಡೂ ಹೋಗುತ್ತವೆ.

ಇನ್ನು ಈ ಬಲಿಯುವ ಮಾತಿಗೆ ಬರೋಣ. ಇದನ್ನು ಹೇಳಿದ ನಮ್ಮ ಹಿರಿಯರು ಸುಳ್ಳು ಹೇಳಿದವರಲ್ಲ. ಅವರ ಕಾಲಕ್ಕೆ ಅದು ನಿಜವೇ ಆಗಿತ್ತು.

ಬಹಳ ಹಿಂದೆ ಈ ದೇಶದಲ್ಲಿ ಪೊರೆಯನ್ನು ಹೊರಕ್ಕೆ ತೆಗೆಯುತ್ತಿರಲಿಲ್ಲ, ಸೂಜಿಯಂಥ ಸಲಕರಣೆಯಿಂದ ಕಣ್ಣೊಳಗೇ ಪಕ್ಕಕ್ಕೆ ತಳ್ಳುತ್ತಿದ್ದರು. ಸುಶ್ರುತನ ಹೆಸರಿನ ಗ್ರಂಥದಲ್ಲಿ ಈ ಕ್ರಮದ ವರ್ಣನೆಯಿದೆ. ಊರೂರು ತಿರುಗುವ ಜನ ಇದನ್ನೇ ಕಸುಬು ಮಾಡಿಕೊಂಡರು. ತಳ್ಳಿದ ಕೂಡಲೇ ಬೆಳಕು ಕಾಣುತ್ತಿತ್ತು, ಅವನು ದುಡ್ಡು ತೆಗೆದುಕೊಂಡು ಮುಂದಿನೂರಿಗೆ ಹೋಗುತ್ತಿದ್ದ, ಎಷ್ಟೋ ಜನರ ಕಣ್ಣು ಆಮೇಲೆ ಕೀವುಗೂಡಿ ಹಾಳಾಗುತ್ತಿತ್ತು. ಮಸೂರವನ್ನು ಹೊರಕ್ಕೇ ತೆಗೆಯುವ ಕ್ರಮವನ್ನು ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಡಾಕ್ಟರು ದಾವಿಯೆಲ್ ರೂಢಿಗೆ ತಂದರು. ನಮ್ಮ ತಾತಂದಿರ ಕಾಲದವರೆಗೂ ಅದರ ಸುಧಾರಿಸಿದ ರೀತಿಯೇ ನಡೆದುಬಂತು. ಕಣ್ಣನ್ನು ಅರ್ಧ ಸುತ್ತಿನಷ್ಟು ಕತ್ತರಿಸಿ, ಮಸೂರವನ್ನು ಅದರ ಸಿಪ್ಪೆ ಸಹಿತ ಎಳೆದು ತೆಗೆಯುತ್ತಿದ್ದರು. ಪೊರೆ ಬಲಿತು ಗಟ್ಟಿಯಾಗಿದ್ದರೆ ಅದನ್ನು ಹಿಡಿದೆಳೆಯುವುದು ಸುಲಭ. ಅದೂ ಅಲ್ಲದೆ ಆಮೇಲೆ ಹೊಲಿಗೆ, ಅಲುಗಾಡದೆ ದಿನಗಟ್ಟಲೆ ಅಂಗಾತ ಮಲಗುವುದು, ಸೀಸೆಯ ತಳದಂಥ ದಪ್ಪ ಕನ್ನಡಕ. ಇಷ್ಟೆಲ್ಲ ತೊಂದರೆ ಇರುವಾಗ, ಪೂರ್ತಿ ಕಾಣದಿದ್ದ ಮೇಲೆ ಮಾಡಿಸಿಕೊ ಎನ್ನುವುದೇ ಬುದ್ಧಿವಂತಿಕೆಯಾಗಿತ್ತು.

ಆ ಕಾಲದಲ್ಲಿ ಹಳ್ಳಿಯವರಿಗೆ ಅದಾದರೂ ಸಿಕ್ಕಿದ್ದು ಕೆಲವು ಮಹನೀಯರಿಂದ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರ ಹೆಸರನ್ನು ಕೇಳದ ಹಿರಿಯರು ನಮ್ಮ ನಾಡಿನಲ್ಲಿ ಕಡಿಮೆ. 1943ರಿಂದ ಊರೂರಿಗೆ ಹೋಗಿ ಸಾಲು ಸಾಲಾಗಿ ಮಲಗಿಸಿ ಆಪರೇಷನ್ ಮಾಡಿದರು. ಒಂದೇ ದಿನ 833 ಪೊರೆ ತೆಗೆದ ದಾಖಲೆ ಅವರದು. 2005ರಲ್ಲಿ ತೀರಿಕೊಂಡರು. ಅವರ ಶಿಬಿರದಲ್ಲಿ ಮಲಗಿದ್ದ ಅಜ್ಜ ಅಜ್ಜಿಯರ ಕಥೆ ನಿಮ್ಮ ಮನೆಯಲ್ಲೂ ಇರಬಹುದು.

ಆದರೆ ಕ್ರಮ ಬದಲಾಗಿದೆ. ಬದಲಾದ ಕಥೆ ಸ್ವಾರಸ್ಯವಾದದ್ದು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳ ಒಡೆದು ಅದರ ಚೂರು ಪೈಲಟ್ಟುಗಳ ಕಣ್ಣಿಗೆ ಹೊಕ್ಕಿತ್ತು. ಆ ಚೂರು ಒಳಗಿದ್ದರೂ ಕಣ್ಣು ಕೆರಳಲಿಲ್ಲ ಎಂಬುದನ್ನು ಲಂಡನ್ನಿನ ಡಾಕ್ಟರು ಹೆರಾಲ್ಡ್ ರಿಡ್ಲೆ ಗಮನಿಸಿದರು. ಹಾಗಾದರೆ ಅದೇ ಪದಾರ್ಥದಿಂದ ಮಸೂರ ಮಾಡಿ ಒಳಗಿಟ್ಟರೇನು? 1949ರಲ್ಲಿ ಇಟ್ಟೇಬಿಟ್ಟರು. ತಮ್ಮವರಿಂದಲೇ ಬಹಳ ಕಾಲ ಬೈಸಿಕೊಂಡರು ಕೂಡ. ಈಗ ಜಗತ್ತಿನಲ್ಲೆಲ್ಲ ಅದೇ ರೂಢಿ. ಹೊರದೇಶದ ಮಸೂರಕ್ಕೆ ಬಡವರು ಕೊಡಲಾರದ ಬೆಲೆಯಿತ್ತು. 1992ರಲ್ಲಿ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಅರೋಲ್ಯಾಬ್ ಎಂಬ ಕಾರ್ಖಾನೆ ತೆಗೆದು ಕಡಿಮೆ ಬೆಲೆಗೆ ತಾವೇ ತಯಾರಿಸಿದರು. ಪಕ್ಕದ ತಮಿಳುನಾಡಿನ ಈ ಕೆಲಸದಿಂದ ನಮಗೂ ಉಪಕಾರವಾಗಿದೆ.

ಈಗ ಆಪರೇಷನ್ ಹೇಗೆ ನಡೆಯುತ್ತದೆಂದರೆ, ಮೊದಲು ಕಣ್ಣಿನ ಅಳತೆ ತೆಗೆದು ಯಾವ ನಂಬರಿನ ಮಸೂರ ಬೇಕೆಂದು ಲೆಕ್ಕ ಹಾಕುತ್ತಾರೆ. ಪ್ರಜ್ಞೆ ತಪ್ಪಿಸುವುದಿಲ್ಲ. ಕಣ್ಣಿನ ಪಕ್ಕದಲ್ಲಿ ಒಂದು ಇಂಜೆಕ್ಷನ್ನೋ, ಇಲ್ಲವೆ ಬರೀ ತೊಟ್ಟುಮದ್ದೋ ಹಾಕಿ ಮರಗಟ್ಟಿಸುತ್ತಾರೆ. ಕಣ್ಣನ್ನು ಹೊರಕ್ಕೆ ತೆಗೆದು ತಟ್ಟೆಯಲ್ಲಿಟ್ಟು ತೊಳೆಯುತ್ತಾರೆಂದು ನಮ್ಮ ಕಡೆ ಒಂದು ಸುದ್ದಿಯಿದೆ, ಅದು ಶುದ್ಧ ಕಟ್ಟುಕಥೆ. ಮಿಲಿಮೀಟರುಗಳ ಲೆಕ್ಕದ ಒಂದು ಸಣ್ಣ ಸೀಳು. ದ್ರಾಕ್ಷಿಯ ಸಿಪ್ಪೆಯನ್ನು ಹಾಗೇ ಬಿಟ್ಟು ಒಳಗಿನ ತಿರುಳನ್ನು ತೆಗೆದ ಹಾಗೆ, ಮಸುಕಾದ ತಿರುಳನ್ನು ಮಾತ್ರ ತೆಗೆಯುತ್ತಾರೆ. ಒಂದು ಕ್ರಮದಲ್ಲಿ ಆರೇಳು ಮಿಲಿಮೀಟರಿನ ಸೀಳಿನಿಂದ ತಿರುಳನ್ನು ಇಡಿಯಾಗಿ ಹೊರಕ್ಕೆ ಜಾರಿಸುತ್ತಾರೆ. ಇನ್ನೊಂದರಲ್ಲಿ ಎರಡು ಮೂರು ಮಿಲಿಮೀಟರಿನ ಸೀಳಿನಿಂದ ಸಣ್ಣ ನಳಿಗೆ ತೂರಿಸಿ, ಶಬ್ದತರಂಗದಿಂದ ಪುಡಿ ಮಾಡಿ ಹೀರುತ್ತಾರೆ. ಉಳಿದ ಸಿಪ್ಪೆಯೊಳಗೆ ಹೊಸ ಮಸೂರ ಕೂರಿಸುತ್ತಾರೆ. ಸಾಮಾನ್ಯವಾಗಿ ಹೊಲಿಗೆಯೂ ಬೇಡ. ಅರ್ಧ ಗಂಟೆಯೊಳಗಿನ ಕೆಲಸ. ಅದೇ ದಿನ ಅಥವಾ ಮರುದಿನ ಮನೆಗೆ.

ತಿರುಳು ಮೆತ್ತಗಿರುವಾಗಲೇ ಇದು ಸಲೀಸು ಎಂಬುದನ್ನು ಗಮನಿಸಿ. ಹಳೆಯ ಕ್ರಮಕ್ಕೆ ಬಲಿತದ್ದು ಬೇಕಾಗಿತ್ತು, ಈಗಿನದಕ್ಕೆ ಬಲಿತದ್ದೇ ತೊಡಕು. ಕ್ರಮ ತಿರುಗಿ ನಿಂತರೂ ಮಾತು ಮಾತ್ರ ಹಳ್ಳಿಯಲ್ಲಿ ಹಾಗೇ ಉಳಿದುಕೊಂಡಿತು.

ಕಾದರೆ ಏನಾದೀತು ಎಂಬುದಕ್ಕೆ ನಾನು ದೂರ ಹೋಗಬೇಕಾಗಿಲ್ಲ. ನನ್ನ ಸೋದರತ್ತೆಯೊಬ್ಬರು ನಾಲ್ಕು ವರ್ಷ ಕಾದರು. ಮೊಮ್ಮಗಳ ಮದುವೆ ಆಗಲಿ, ರಾಗಿ ಒಕ್ಕಣೆ ಮುಗಿಯಲಿ, ಹಸು ಈಯಲಿ. ಒಂದು ರಾತ್ರಿ ಬಲಗಣ್ಣು ಕೆಂಪಾಗಿ, ಅರ್ಧ ತಲೆ ಸಿಡಿದು, ವಾಂತಿ ಶುರುವಾಯಿತು. ಪಿತ್ತ ಏರಿದೆ ಎಂದುಕೊಂಡು ನಿಂಬೆಹಣ್ಣಿನ ಪಾನಕ ಕೊಟ್ಟೆವು, ಹಣೆಗೆ ಪಟ್ಟು ಹಾಕಿದೆವು. ಆ ‘ಕೊಟ್ಟೆವು’ ಎಂಬುದರಲ್ಲಿ ಡಿಪ್ಲೊಮಾ ಓದಿದ ನಾನೂ ಸೇರಿದ್ದೆ. ಮೂರು ದಿನ ಕಳೆದು ಆಸ್ಪತ್ರೆಗೆ ಹೋದೆವು. ಕಣ್ಣಿನೊಳಗೆ ಸದಾ ಒಂದು ತಿಳಿನೀರು ಊರುತ್ತ, ಸಣ್ಣ ದಾರಿಯಿಂದ ಹೊರಕ್ಕೆ ಹರಿಯುತ್ತ ಇರುತ್ತದಂತೆ. ಬಲಿತ ಮಸೂರ ಊದಿಕೊಂಡೋ, ಕರಗಿ ಸೋರಿಯೋ ಆ ದಾರಿಯನ್ನು ಮುಚ್ಚುತ್ತದೆ. ತೂಬು ಕಟ್ಟಿಕೊಂಡ ಕೆರೆಗೆ ನೀರು ಬರುತ್ತಲೇ ಇದ್ದರೆ ಏರಿಗೆ ಏನಾಗುತ್ತದೆ? ಕಣ್ಣಿನ ಒತ್ತಡ ಏರಿ ಹಿಂದಿನ ನರ ಸತ್ತುಹೋಗುತ್ತದೆ. “ಪೊರೆ ತೆಗೆದು ನೋವು ನಿಲ್ಲಿಸುತ್ತೇನೆ, ಬೆಳಕು ಮಾತ್ರ ಬರುವುದಿಲ್ಲ” ಎಂದರು ಡಾಕ್ಟರು. ಅತ್ತೆ ಏನೂ ಅನ್ನಲಿಲ್ಲ. ಹಸುವಿಗೆ ಹುಲ್ಲು ಹಾಕಿದ್ದೀರಾ ಎಂದು ಮಗನನ್ನು ಕೇಳಿದರು. ಎಡಗಣ್ಣಿನದನ್ನು ಆ ತಿಂಗಳೇ ತೆಗೆಸಿದೆವು, ಅದರಲ್ಲಿ ಈಗ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಯಾವಾಗ ತೆಗೆಸಬೇಕು? ಪೊರೆ ಬಂದಿದೆ ಎಂದ ದಿನವೇ ಓಡಬೇಕಾಗಿಲ್ಲ. ನಿಮ್ಮ ದಿನದ ಕೆಲಸಕ್ಕೆ ಅಡ್ಡಿಯಾದಾಗ. ಸೀಸೆಯ ಗುರುತು, ಬಸ್ಸಿನ ಬೋರ್ಡು, ಹಾದಿಯ ಹಳ್ಳ, ಎದುರಿಗೆ ಬಂದವರ ಮುಖ ಇವು ತಿಳಿಯದೆ ಹೋದಾಗ. ಡಾಕ್ಟರ ಜೊತೆ ಮಾತಾಡಿ ದಿನ ಗೊತ್ತು ಮಾಡಿಕೊಳ್ಳಿ. ಚಳಿಗಾಲದಲ್ಲೇ ಆಗಬೇಕು ಎಂಬುದೂ ಹಳೆಯ ಮಾತೇ, ಯಾವ ಕಾಲದಲ್ಲಾದರೂ ಆಗುತ್ತದೆ. ಆದರೂ ರೈತರ ಲೆಕ್ಕ ಬೇರೆ. ಆಪರೇಷನ್ನಾದ ಒಂದು ತಿಂಗಳು ಕಣದ ಧೂಳು, ತಿಪ್ಪೆ, ಔಷಧಿ ಸಿಂಪಡಣೆ, ಕೆರೆಯ ಸ್ನಾನ, ಮೂಟೆ ಹೊರುವುದು ಕೂಡದು. ಆದ್ದರಿಂದ ಒಕ್ಕಣೆ ಮುಗಿದು ಮುಂದಿನ ಉಳುಮೆಗೆ ಬಿಡುವಿರುವ ತಿಂಗಳನ್ನು ಆರಿಸಿಕೊಳ್ಳಿ. ಆರಿಸಿಕೊಂಡ ತಿಂಗಳನ್ನು ಮುಂದಕ್ಕೆ ಮಾತ್ರ ತಳ್ಳಬೇಡಿ.

ತಾಯಂದಿರಿಗೆ ಬೇರೆಯಾಗಿ ಒಂದು ಮಾತು. ಗಂಡಸರ ಕಣ್ಣಿಗೆ ಆಪರೇಷನ್ ಆಗುತ್ತದೆ, ಹೆಂಗಸರದು ಹಿಂದೆ ಬೀಳುತ್ತದೆ. ಅಡಿಗೆ ಯಾರು ಮಾಡುತ್ತಾರೆ, ಹಾಲು ಯಾರು ಕರೆಯುತ್ತಾರೆ ಎಂಬುದೇ ಅಡ್ಡಿ. ಒಲೆಯ ಮುಂದೆ ಕಾಣದ ಕಣ್ಣಿನಲ್ಲಿ ಸೀರೆಯ ಸೆರಗಿಗೆ ಬೆಂಕಿ ತಗುಲಿದರೆ ಆಗ ಅಡಿಗೆ ಯಾರು ಮಾಡುತ್ತಾರೆ? ಮನೆಯ ಗಂಡಸರು ಇದಕ್ಕೆ ಉತ್ತರ ಕೊಡಬೇಕು.

ಖರ್ಚಿನ ಭಯ ಬೇಡ. 1976ರಿಂದ ನಡೆದುಬಂದ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆ ಆಪರೇಷನ್ ಉಚಿತ, ಮಸೂರವೂ ಸೇರಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ, ಯಾವ ದಿನ ಎಂದು ತಿಳಿಸುತ್ತಾರೆ. ಹಿಂದಿನಂತೆ ಶಾಲೆಯ ಹಾಲಿನಲ್ಲಿ ಆಪರೇಷನ್ ಮಾಡುವ ಪದ್ಧತಿ ಈಗಿಲ್ಲ. ಊರಿನ ಶಿಬಿರದಲ್ಲಿ ತಪಾಸಣೆ, ಆಪರೇಷನ್ ಆಸ್ಪತ್ರೆಯ ಥಿಯೇಟರಿನಲ್ಲೇ. ಖಾಸಗಿ ಕಡೆ ಹೋಗುವವರು ದರವನ್ನು ಮೊದಲೇ ಕೇಳಿಕೊಳ್ಳಿ. ದುಬಾರಿ ಮಸೂರದಲ್ಲಿ ಕೆಲವು ಅನುಕೂಲಗಳುಂಟು, ಆದರೆ ಅದಿಲ್ಲದಿದ್ದರೆ ಕಣ್ಣೇ ಬರುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಸಾಧಾರಣ ಮಸೂರದಲ್ಲೂ ಚೆನ್ನಾಗಿ ಕಾಣುತ್ತದೆ.

ಹೋಗುವಾಗ ನೀವು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸಕ್ಕರೆ, ರಕ್ತದೊತ್ತಡ ಇರುವವರಿಗೂ ಆಪರೇಷನ್ ಆಗುತ್ತದೆ, ಹತೋಟಿಗೆ ತಂದುಕೊಂಡರೆ ಸರಿ. ಮೂತ್ರ ಕಟ್ಟುವ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವ ಯಜಮಾನರು ಅದನ್ನು ನಾಚಿಕೆಯಿಂದ ಮುಚ್ಚಿಡಬಾರದು. ಅಂಥ ಕೆಲವು ಮಾತ್ರೆಗಳಿಂದ ಪಾಪೆ ಆಪರೇಷನ್ ಸಮಯದಲ್ಲಿ ಸರಿಯಾಗಿ ಅರಳುವುದಿಲ್ಲ, ಡಾಕ್ಟರಿಗೆ ಮೊದಲೇ ಗೊತ್ತಿರಬೇಕು.

ಆಮೇಲೆ ಕೊಟ್ಟ ತೊಟ್ಟುಮದ್ದನ್ನು ಹೇಳಿದಷ್ಟು ವಾರ ತಪ್ಪದೆ ಹಾಕಬೇಕು, ಕೈ ಸೋಪಿನಲ್ಲಿ ತೊಳೆದು. ಚೆನ್ನಾಗಿ ಕಾಣುತ್ತಿದೆಯೆಂದು ಎಂಟೇ ದಿನಕ್ಕೆ ಬಿಡುವವರು ಬಹಳ. ಕಣ್ಣು ಉಜ್ಜಬೇಡಿ, ಕಣ್ಣಿಗೆ ನೀರು ಬೀಳದಂತೆ ನೋಡಿಕೊಳ್ಳಿ, ರಾತ್ರಿ ಕೊಟ್ಟ ಮುಚ್ಚಳ ಕಟ್ಟಿಕೊಂಡು ಮಲಗಿ. ನೋವು ಹೆಚ್ಚಾದರೆ, ಕೆಂಪೇರಿದರೆ, ಕೀವು ಬಂದರೆ, ಕಾಣುತ್ತಿದ್ದದ್ದು ಮಬ್ಬಾದರೆ ಮರುದಿನದ ಬಸ್ಸಿಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಪರೂಪಕ್ಕೆ ಕಣ್ಣೊಳಗೆ ಸೋಂಕಾಗುವುದುಂಟು, ಆಗ ಗಂಟೆಗಳ ಲೆಕ್ಕ. ಹತ್ತಿರದ ಓದಿಗೆ ಸಾಮಾನ್ಯವಾಗಿ ಕನ್ನಡಕ ಬೇಕಾಗುತ್ತದೆ, ಅದರಿಂದ ಆಪರೇಷನ್ ಕೆಟ್ಟಿತೆಂದು ತಿಳಿಯಬೇಡಿ. ಕೆಲವರಿಗೆ ತಿಂಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಬ್ಬು ಬರುತ್ತದೆ. ಅದು ಪೊರೆ ಮತ್ತೆ ಬೆಳೆದದ್ದಲ್ಲ, ಉಳಿಸಿದ್ದ ಸಿಪ್ಪೆ ಮಾಸಿದ್ದು. ಲೇಸರ್ ಬೆಳಕಿನಿಂದ ಕೆಲವೇ ನಿಮಿಷಗಳಲ್ಲಿ ಸರಿಮಾಡುತ್ತಾರೆ.

ಕಣ್ಣಿನಲ್ಲಿ ಬೆಳ್ಳಗೆ ಕಂಡದ್ದೆಲ್ಲ ಈ ಪೊರೆಯಲ್ಲ. ಭತ್ತ ಬಡಿಯುವಾಗ ಹೊಟ್ಟು ಹಾರಿ ಕಣ್ಣಿಗೆ ಬಿದ್ದು, ಅದನ್ನು ನಾಲಿಗೆಯಿಂದ ತೆಗೆಸಿ, ಎದೆಹಾಲು ಬಿಟ್ಟು, ಸೊಪ್ಪು ಹಿಂಡಿ ಹುಣ್ಣು ಮಾಡಿಕೊಂಡ ಕಣ್ಣಿನಲ್ಲಿ ಬರುವ ಬಿಳಿ ಕಲೆ ಬೇರೆ. ಅದಕ್ಕೆ ಪೊರೆ ಆಪರೇಷನ್ ಉಪಯೋಗವಿಲ್ಲ. ಕಣ್ಣಿಗೆ ಏನಾದರೂ ಬಿದ್ದರೆ ಶುದ್ಧ ನೀರಿನಲ್ಲಿ ತೊಳೆದು, ನೋವು ನಿಲ್ಲದಿದ್ದರೆ ಅದೇ ದಿನ ಡಾಕ್ಟರಲ್ಲಿಗೆ ಹೋಗಿ. ಹಾಗೆಯೇ ಮಗುವಿನ ಪಾಪೆ ಬೆಳ್ಳಗೆ ಕಂಡರೆ, ಬೆಕ್ಕಿನ ಕಣ್ಣಿನ ಹಾಗೆ ಹೊಳೆದರೆ, ದೊಡ್ಡದಾಗಲಿ ನೋಡೋಣ ಅನ್ನಬಾರದು. ಮಕ್ಕಳಿಗೂ ಪೊರೆ ಬರುತ್ತದೆ, ಕೆಲವು ಸಲ ಅದಕ್ಕಿಂತ ಕೆಟ್ಟ ಗಂಟಿನ ಗುರುತೂ ಅದಾಗಿರಬಹುದು.

ನಮ್ಮ ಯಜಮಾನರ ಸುದ್ದಿ ಹೇಳುವುದು ಬಾಕಿ ಉಳಿಯಿತು. ಮೂರು ಸಲ ಹೋಗಿ ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಒಪ್ಪಿಸಿದ್ದು ನಾನಲ್ಲ, ಹೋದ ವರ್ಷ ಆಪರೇಷನ್ ಮಾಡಿಸಿಕೊಂಡಿದ್ದ ಪಕ್ಕದ ಹೊಲದವರು. “ನನಗೆ ಏನೂ ನೋಯಲಿಲ್ಲ ಕಣಣ್ಣ, ಒಳಗಿದ್ದಾಗ ಡಾಕ್ಟ್ರು ನನ್ನ ಹತ್ರ ಮಳೆ ವಿಷಯ ಮಾತಾಡ್ತಿದ್ರು” ಅಂದರಂತೆ. ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿದ ಮೇಲೆ ಜಿಲ್ಲಾ ಆಸ್ಪತ್ರೆಗೆ ಹೋಗಿಬಂದರು. ತಿಂಗಳು ಬಿಟ್ಟು ನಾನು ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಕೂತು ಗೋಡೆಯನ್ನೇ ನೋಡುತ್ತಿದ್ದರು. “ಇಷ್ಟೊಂದು ಸುಣ್ಣ ಕಿತ್ತುಹೋಗಿದೆ ಅಂತ ಒಬ್ರಾದ್ರೂ ನಂಗೆ ಹೇಳಬಾರದಿತ್ತಾ ಸ್ವಾಮಿ?” ಎಂದು ಮಗನ ಮೇಲೆ ದೂರು ಹೇಳಿದರು. ಒಳಗಿನಿಂದ ಆ ಎರಡು ಸೀಸೆಗಳನ್ನು ತಾವೇ ತಂದು, ಎಡಗೈಯದು ನೀಲಿ, ಬಲಗೈಯದು ಹಸಿರು ಎಂದು ತೋರಿಸಿದರು. ಆಮೇಲೆ ಆಪರೇಷನ್ನಾದ ಕಣ್ಣನ್ನು ಮುಚ್ಚಿ ಇನ್ನೊಂದರಲ್ಲಿ ನೋಡಿ, “ಇದ್ರಲ್ಲಿ ಈಗಲೂ ಎರಡೂ ಒಂದೇ” ಅಂದರು. ಆ ಕಣ್ಣಿಗೆ ಬರುವ ತಿಂಗಳ ಮೂರನೇ ವಾರ ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಕಳೆನಾಶಕದ ಸೀಸೆ ಬೇರೆ ಗೂಡಿನಲ್ಲಿ, ಕತ್ತಿಗೆ ಕೆಂಪು ದಾರ ಕಟ್ಟಿಸಿಕೊಂಡು ಕೂತಿದೆ.